‘ಲೆಕ್ಕಕ್ಕೆ ಬರುವುದು’ ಎಂದರೇನು? ಲೆಕ್ಕ ಮಾನಕಗಳ ಕನ್ನಡ ಕಲಿಕೆ: ಬಿದರೆಹಳ್ಳ ಕಾವಲ್ ಕಾರ್ಖಾನೆಯನ್ನು ಮುಂದಿಟ್ಟುಕೊಂಡು ಒಂದು ಪರಿಶೀಲನೆ

ಕನ್ನಡವನ್ನು ಶಾಸ್ತ್ರಭಾಷೆಯಾಗಿ ಬೆಳೆಸಬೇಕೆಂಬ ಚರ್ಚೆ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ಆ ಚರ್ಚೆಯಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳಿಗೆ ದೊರೆತಷ್ಟು ಗಮನ ವಾಣಿಜ್ಯಶಾಸ್ತ್ರಕ್ಕೆ ದೊರೆತಿಲ್ಲ. ಲೆಕ್ಕ ಬರೆಯುವುದು ಅಂಕಿಗಳ ಕೆಲಸ, ಭಾಷೆಯ ಕೆಲಸವಲ್ಲ ಎಂಬ ನಂಬಿಕೆಯೇ ಇದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ಕನ್ನಡದ ಇತಿಹಾಸ ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಶಾಸನಗಳಲ್ಲಿ ಸೇನಬೋವನೆಂಬ ಲೆಕ್ಕಿಗ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಮುಂದೆ ಹಳ್ಳಿಯ ಶಾನುಭೋಗನಾದವನು ಅವನೇ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಸಿದ್ಧಪಡಿಸಿದ ಕಡತಗಳಲ್ಲಿ ಬಳಪದಿಂದ ಬರೆದ ಲೆಕ್ಕಗಳು ಮಠಗಳಲ್ಲಿ, ಮನೆತನಗಳಲ್ಲಿ ಉಳಿದುಬಂದಿವೆ. ಜಮಾ, ಖರ್ಚು, ಬಾಕಿ, ಶಿಲ್ಕು, ದಾಸ್ತಾನು, ತಖ್ತೆ ಮುಂತಾದ ಮಾತುಗಳು ಪಾರಸಿ, ಅರಬ್ಬಿ, ಮರಾಠಿ ಮೂಲಗಳಿಂದ ಆಡಳಿತದ ದಾರಿಯಲ್ಲಿ ಬಂದು ಕನ್ನಡದವೇ ಆಗಿಹೋಗಿವೆ. ಹೀಗೆ ಲೆಕ್ಕದ ಭಾಷೆ ಕನ್ನಡಕ್ಕೆ ಹೊಸದಲ್ಲ. ಹೊಸದಾದುದು, ಲೆಕ್ಕವನ್ನು ಹೇಗೆ ಬರೆಯತಕ್ಕದ್ದು ಎಂದು ಇಡೀ ದೇಶಕ್ಕೆ ಅನ್ವಯವಾಗುವಂತೆ ವಿಧಿಸುವ ‘ಮಾನಕ’ ಎಂಬ ಬರಹಪ್ರಕಾರ. ಈ ಬರಹಪ್ರಕಾರವನ್ನು ಕನ್ನಡದಲ್ಲಿ ಕಲಿಯುವಾಗ ಎದುರಾಗುವ ಭಾಷಿಕ ಸಮಸ್ಯೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮಾನಕಗಳ ಹಿನ್ನೆಲೆ

1949ರ ಕಾಯಿದೆಯಂತೆ ಸ್ಥಾಪಿತವಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆಯು 1977ರಲ್ಲಿ ಲೆಕ್ಕ ಮಾನಕಗಳ ಮಂಡಳಿಯನ್ನು ರಚಿಸಿತು. ಮೊದಲ ಮಾನಕ, ಎಎಸ್ 1, 1979ರಲ್ಲಿ ಹೊರಬಂದಿತು. ವೃತ್ತಿಸಂಸ್ಥೆಯೊಂದರ ನಿರ್ದೇಶನಗಳಾಗಿದ್ದ ಈ ಪಠ್ಯಗಳು 2006ರ ನಿಯಮಗಳ ಮೂಲಕ ಕೇಂದ್ರ ಸರ್ಕಾರವೇ ವಿಧಿಸಿದ ಮಾನಕಗಳಾದವು. ಆ ನಿಯಮಗಳ ಸ್ಥಾನದಲ್ಲಿ ಈಗ 2021ರ ನಿಯಮಗಳಿವೆ. ಇದರ ನಡುವೆ, ಅಂತರರಾಷ್ಟ್ರೀಯ ಮಾನಕಗಳಿಗೆ ಹೊಂದಿಕೆಯಾಗುವಂತೆ ರೂಪಿಸಿದ ಮತ್ತೊಂದು ಶ್ರೇಣಿ 2015ರ ಫೆಬ್ರವರಿಯಲ್ಲಿ ಅಧಿಸೂಚಿತವಾಯಿತು. ಇದೇ ‘ಇಂಡ್ ಎಎಸ್’. 500 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಸಂಪತ್ತುಳ್ಳ ಕಂಪನಿಗಳಿಗೆ 2016ರ ಏಪ್ರಿಲ್ 1ರಿಂದ, ಷೇರುಪೇಟೆಯಲ್ಲಿ ನೋಂದಾಯಿತವಾದ ಇತರ ಕಂಪನಿಗಳಿಗೆ ಮತ್ತು ನೋಂದಾಯಿತವಲ್ಲದಿದ್ದರೂ 250 ಕೋಟಿಯ ಮಿತಿ ಮುಟ್ಟಿದವಕ್ಕೆ 2017ರ ಏಪ್ರಿಲ್ 1ರಿಂದ ಇದು ಕಡ್ಡಾಯವಾಯಿತು. ಉಳಿದ ಕಂಪನಿಗಳು ಹಳೆಯ ಎಎಸ್ ಶ್ರೇಣಿಯನ್ನೇ ಪಾಲಿಸುತ್ತವೆ. ಆದುದರಿಂದ ವಾಣಿಜ್ಯ ಪದವಿಯ ವಿದ್ಯಾರ್ಥಿ ಒಂದಲ್ಲ, ಎರಡು ಶ್ರೇಣಿಗಳನ್ನು ಕಲಿಯಬೇಕಾಗಿದೆ.

ಎರಡೂ ಶ್ರೇಣಿಗಳ ನಿಯಮಗಳು ಭಾರತದ ರಾಜಪತ್ರದಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪ್ರಕಟವಾಗುತ್ತವೆ. ಕನ್ನಡದ ವಿದ್ಯಾರ್ಥಿಗೆ ದೊರೆಯುವುದು ಅಧ್ಯಾಪಕರ ವಿವರಣೆ, ಟಿಪ್ಪಣಿ ಪುಸ್ತಕ, ಮತ್ತು ತನ್ನದೇ ಊಹೆ. 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಗುಬ್ಬಿ, ಕುಣಿಗಲ್‌ನಂತಹ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೆ ಬರುವವರಲ್ಲಿ ಶಾಲೆಯನ್ನು ಕನ್ನಡದಲ್ಲಿಯೇ ಮುಗಿಸಿದವರು ಅನೇಕರು. ತರಗತಿಯಲ್ಲಿ ಪಠ್ಯ ಇಂಗ್ಲಿಷಿನದು, ವಿವರಣೆ ಕನ್ನಡದ್ದು, ಪಾರಿಭಾಷಿಕ ಪದ ಮತ್ತೆ ಇಂಗ್ಲಿಷಿನದು ಎಂಬ ಮಿಶ್ರಣ ಸಾಮಾನ್ಯ. ಈ ಮಿಶ್ರಣವನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಅದು ಎಷ್ಟೋ ಸಲ ಒಳ್ಳೆಯ ಬೋಧನೆಯೇ ಆಗಿರುತ್ತದೆ. ತೊಡಕಿರುವುದು ಬೇರೆಡೆ. ಇಂಗ್ಲಿಷ್ ಮಾನಕ ಎಚ್ಚರಿಕೆಯಿಂದ ಬೇರ್ಪಡಿಸಿದ ಎರಡು ಕಲ್ಪನೆಗಳನ್ನು ಕನ್ನಡದ ವಿವರಣೆ ಒಂದೇ ಮಾತಿನಲ್ಲಿ ಹೇಳಿಬಿಟ್ಟಾಗ ವಿದ್ಯಾರ್ಥಿಗೆ ಆ ಭೇದವೇ ಕಾಣದೆ ಹೋಗುತ್ತದೆ.

ಕಾವಲ್‌ನಲ್ಲೊಂದು ಕಾರ್ಖಾನೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಈ ಪರಿಶೀಲನೆಗೆ ಅತ್ಯಂತ ಒದಗುವ ನಿದರ್ಶನ. ಹಳೆಯ ಮೈಸೂರಿನ ಕಂದಾಯ ಪರಿಭಾಷೆಯಲ್ಲಿ ‘ಕಾವಲ್’ ಎಂದರೆ ದನಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲು. ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಇಲ್ಲಿ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯನ್ನು ಸ್ಥಾಪಿಸಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2023ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳು ಅದನ್ನು ಉದ್ಘಾಟಿಸಿದರು. ಹಗುರ ಬಳಕೆಯ ಹೆಲಿಕಾಪ್ಟರುಗಳಿಂದ ಆರಂಭಿಸಿ ವರ್ಷಕ್ಕೆ ಸುಮಾರು 30, ಮುಂದೆ ಹಂತಹಂತವಾಗಿ 60 ಮತ್ತು 90ರವರೆಗೆ ತಯಾರಿಸುವ ಯೋಜನೆಯನ್ನು ಆಗ ಪ್ರಕಟಿಸಲಾಯಿತು. ಎಚ್‌ಎಎಲ್ 2018ರ ಮಾರ್ಚ್‌ನಲ್ಲಿ ಷೇರುಪೇಟೆಯನ್ನು ಪ್ರವೇಶಿಸಿದ ಸರ್ಕಾರಿ ಕಂಪನಿ. ಅದರ ವಾರ್ಷಿಕ ವರದಿ ಯಾರಿಗೂ ದೊರೆಯುವ ಸಾರ್ವಜನಿಕ ದಾಖಲೆ, ಮತ್ತು ಅದು ಇಂಡ್ ಎಎಸ್‌ಗೆ ಅನುಸಾರವಾದುದು.

ಪಠ್ಯಪುಸ್ತಕಗಳಲ್ಲಿ ಮಾನಕಗಳ ಉದಾಹರಣೆಗಳು ‘ಎಕ್ಸ್ ಲಿಮಿಟೆಡ್’, ‘ವೈ ಲಿಮಿಟೆಡ್’ ಎಂಬ ಊರಿಲ್ಲದ ಕಂಪನಿಗಳಿಂದ ಬರುತ್ತವೆ. ಗುಬ್ಬಿಯ ವಿದ್ಯಾರ್ಥಿಯ ತಾಲ್ಲೂಕಿನಲ್ಲಿಯೇ ಇರುವ ಕಾರ್ಖಾನೆಯು ಹೆಚ್ಚುಕಡಿಮೆ ಎಲ್ಲ ಮುಖ್ಯ ಮಾನಕಗಳಿಗೂ ಪ್ರಶ್ನೆ ಒದಗಿಸುತ್ತದೆ. ಭೂಮಿ ಯಾವ ಮೌಲ್ಯದಲ್ಲಿ ಪುಸ್ತಕಕ್ಕೆ ಏರಬೇಕು? ಏಳು ವರ್ಷ ಕಟ್ಟುತ್ತಲೇ ಇದ್ದ ಕಟ್ಟಡದ ವೆಚ್ಚ ಅಲ್ಲಿಯವರೆಗೆ ಎಲ್ಲಿತ್ತು? ಹೆಲಿಕಾಪ್ಟರ್ ಮಾರಿದ ಆದಾಯ ಯಾವ ದಿನ ಆದಾಯವಾಗುತ್ತದೆ? ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುವುದು ಸುಲಭ. ಉತ್ತರಿಸಲು ಹೊರಟಾಗ ಭಾಷೆ ಅಡ್ಡ ಬರುತ್ತದೆ.

‘ಗುರುತಿಸು’ ಎಂಬ ಕ್ರಿಯಾಪದದ ಹೊರೆ

2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯವು 156 ‘ಪ್ರಚಂಡ್’ ಲಘು ಯುದ್ಧ ಹೆಲಿಕಾಪ್ಟರುಗಳಿಗಾಗಿ ಎಚ್‌ಎಎಲ್‌ನೊಡನೆ ಎರಡು ಒಪ್ಪಂದಗಳಿಗೆ ಸಹಿ ಹಾಕಿತು. 66 ವಾಯುಪಡೆಗೆ, 90 ಭೂಸೇನೆಗೆ. ತೆರಿಗೆ ಬಿಟ್ಟು ಒಟ್ಟು ಮೊತ್ತ 62,700 ಕೋಟಿ ರೂಪಾಯಿ. ಪೂರೈಕೆ ಮೂರನೆಯ ವರ್ಷದಿಂದ ಆರಂಭವಾಗಿ ಮುಂದಿನ ಐದು ವರ್ಷಗಳಲ್ಲಿ ಹರಡಿಕೊಳ್ಳತಕ್ಕದ್ದು. ಬೆಂಗಳೂರು ಮತ್ತು ತುಮಕೂರಿನ ಘಟಕಗಳಲ್ಲಿ ಇವು ತಯಾರಾಗಲಿವೆ ಎಂದು ಪತ್ರಿಕೆಗಳು ವರದಿ ಮಾಡಿದವು. ಹಣಕಾಸು ವರ್ಷ ಮುಗಿಯಲು ಆಗ ಮೂರು ದಿನ ಉಳಿದಿತ್ತು. ಹಾಗಾದರೆ 2024–25ನೆಯ ವರ್ಷದ ಆದಾಯಕ್ಕೆ ಈ ಒಪ್ಪಂದದಿಂದ ಎಷ್ಟು ಸೇರಬೇಕು?

ಇಂಡ್ ಎಎಸ್ 115ರ ಪ್ರಕಾರ, ಸಹಿಯಾದ ಮಾತ್ರಕ್ಕೆ ಏನೂ ಸೇರುವುದಿಲ್ಲ. 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಮಾನಕ ಐದು ಹೆಜ್ಜೆಗಳನ್ನು ವಿಧಿಸುತ್ತದೆ: ಗಿರಾಕಿಯೊಡನೆ ಆದ ಒಪ್ಪಂದ ಯಾವುದೆಂದು ಕಂಡುಕೊಳ್ಳುವುದು, ಅದರೊಳಗಿನ ನೆರವೇರಿಸಬೇಕಾದ ಬಾಧ್ಯತೆಗಳನ್ನು ಬೇರ್ಪಡಿಸಿ ಕಂಡುಕೊಳ್ಳುವುದು, ವ್ಯವಹಾರದ ಬೆಲೆಯನ್ನು ನಿರ್ಧರಿಸುವುದು, ಆ ಬೆಲೆಯನ್ನು ಬಾಧ್ಯತೆಗಳಿಗೆ ಹಂಚುವುದು, ಬಾಧ್ಯತೆ ನೆರವೇರಿದಾಗ ಅಥವಾ ನೆರವೇರುತ್ತ ಹೋದಂತೆ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಇಂಗ್ಲಿಷ್ ಪಠ್ಯದಲ್ಲಿ ಮೊದಲೆರಡು ಹೆಜ್ಜೆಗಳಿಗೂ ಕೊನೆಯದಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ಕನ್ನಡದಲ್ಲಿ ಇವೆರಡಕ್ಕೂ ಸಹಜವಾಗಿ ಒದಗುವುದು ‘ಗುರುತಿಸು’ ಎಂಬ ಒಂದೇ ಮಾತು. ‘ಒಪ್ಪಂದವನ್ನು ಗುರುತಿಸುವುದು’ ಮತ್ತು ‘ಆದಾಯವನ್ನು ಗುರುತಿಸುವುದು’ ಎಂದು ಹೇಳಿದಾಗ ಮೊದಲ ಹೆಜ್ಜೆ ಹಾಗೂ ಐದನೆಯ ಹೆಜ್ಜೆ ಒಂದೇ ಬಗೆಯ ಕಾರ್ಯವೆಂಬ ಭಾವನೆ ಹುಟ್ಟುತ್ತದೆ. 62,700 ಕೋಟಿಯ ಒಪ್ಪಂದವನ್ನು ‘ಗುರುತಿಸಿ’ ಆಯಿತು ಎಂದಮೇಲೆ ಆದಾಯವನ್ನೂ ಗುರುತಿಸಿದಂತೆಯೇ ಎಂದು ವಿದ್ಯಾರ್ಥಿ ಬರೆದರೆ ಅದು ಅವನ ಬುದ್ಧಿಯ ದೋಷವಲ್ಲ.

‘ಮಾನ್ಯ ಮಾಡು’, ‘ಅಂಗೀಕರಿಸು’ ಎಂಬ ಪರ್ಯಾಯಗಳು ಸಂಸ್ಥೆಗೆ ಮಾನ್ಯತೆ ನೀಡುವ, ನಿರ್ಣಯವನ್ನು ಅಂಗೀಕರಿಸುವ ಅರ್ಥಗಳಲ್ಲಿ ಈಗಾಗಲೇ ಬಿಗಿದುಕೊಂಡಿವೆ. ಬೇಕಾದ ಮಾತು ಆಡುನುಡಿಯಲ್ಲಿಯೇ ಇದೆ. ‘ಲೆಕ್ಕಕ್ಕೆ ಬರು’, ‘ಲೆಕ್ಕಕ್ಕೆ ತೆಗೆದುಕೊ’ ಎಂಬ ನುಡಿಗಟ್ಟುಗಳು ಸಂಗತಿಯೊಂದು ಇದ್ದರೂ ಅದು ಎಣಿಕೆಗೆ ಸೇರಿತೇ ಇಲ್ಲವೇ ಎಂಬ ಭೇದವನ್ನು ನಿಖರವಾಗಿ ಸೂಚಿಸುತ್ತವೆ. ಮಾನಕದ ಇಂಗ್ಲಿಷ್ ಪದದ ಅರ್ಥವೂ ಇದೇ: ಅಂಶವೊಂದನ್ನು ಮಾತಿನಲ್ಲಿ ಮತ್ತು ಮೊತ್ತದಲ್ಲಿ ಹಣಕಾಸು ತಖ್ತೆಯೊಳಗೆ ಸೇರಿಸಿಕೊಳ್ಳುವುದು. ‘ಗುರುತಿಸು’ ಎಂಬುದನ್ನು ಕಂಡುಕೊಳ್ಳುವ ಕ್ರಿಯೆಗೆ ಬಿಟ್ಟು, ‘ಲೆಕ್ಕಕ್ಕೆ ತೆಗೆದುಕೊ’ ಎಂಬುದನ್ನು ಇದಕ್ಕೆ ಮೀಸಲಿಟ್ಟರೆ ಐದೂ ಹೆಜ್ಜೆಗಳು ತಾವಾಗಿ ತಿಳಿಯಾಗುತ್ತವೆ. ಇದು ಪಾರಿಭಾಷಿಕ ಪದಕ್ಕಿರಬೇಕಾದ ಸಂಸ್ಕೃತದ ಗಾಂಭೀರ್ಯವಿಲ್ಲದ ಮಾತೆಂಬ ಆಕ್ಷೇಪ ಬರುವುದುಂಟು. ಗಾಂಭೀರ್ಯಕ್ಕಿಂತ ಭೇದ ಉಳಿಯುವುದು ಮುಖ್ಯ.

ಇದೇ ನಿದರ್ಶನದಲ್ಲಿ ‘ಜಮಾ’ ಎಂಬ ಮಾತೂ ತೊಡಕಿನದು. ಸರ್ಕಾರದಿಂದ ಮುಂಗಡ ಹಣ ಬಂದಿತೆಂದೇ ಊಹಿಸೋಣ. ಬಂದ ಹಣ ಜಮಾ, ಜಮಾ ಆದದ್ದು ಆದಾಯ ಎಂಬುದು ರೂಢಿಯ ತರ್ಕ. ಮಾನಕದ ತರ್ಕದಲ್ಲಿ ಬಾಧ್ಯತೆ ನೆರವೇರುವ ಮೊದಲು ಬಂದ ಹಣ ಹೊಣೆಯೇ ಹೊರತು ಆದಾಯವಲ್ಲ. ಇನ್ನೂ ಸ್ವಾರಸ್ಯದ ವಿಷಯವೆಂದರೆ, ದೇಶೀ ಕಿರ್ದಿಯಲ್ಲಿ ಬಂದ ಹಣವನ್ನು ಎಡಗಡೆಗೆ ಬರೆದು ಜಮಾ ಎನ್ನುತ್ತಿದ್ದರು; ಜೋಡಿ ನಮೂದಿನ ಪದ್ಧತಿಯ ನಗದು ಪುಸ್ತಕದಲ್ಲಿ ಬಂದ ಹಣ ಅದೇ ಎಡಗಡೆಗೆ ಹೋದರೂ ಅದರ ಹೆಸರು ಡೆಬಿಟ್. ಬ್ಯಾಂಕಿನಿಂದ ಬರುವ ಸಂದೇಶದಲ್ಲಿ ಮಾತ್ರ ಅದೇ ಹಣ ‘ಜಮಾ’. ಮೂರು ದೃಷ್ಟಿಕೋನಗಳನ್ನು ಒಂದೇ ಪದದಿಂದ ಹೇಳಿಸುವ ಬದಲು ಡೆಬಿಟ್, ಕ್ರೆಡಿಟ್ ಎಂಬ ಎರವಲು ಪದಗಳನ್ನೇ ಇಟ್ಟುಕೊಳ್ಳುವುದು ವಿವೇಕ. ‘ಜಮಾ’ ಕೂಡ ಒಂದು ಕಾಲಕ್ಕೆ ಎರವಲೇ ಆಗಿತ್ತು.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹೊಣೆಗಳನ್ನು ಕುರಿತ ಇಂಡ್ ಎಎಸ್ 37 (ಹಳೆಯ ಶ್ರೇಣಿಯಲ್ಲಿ ಎಎಸ್ 29) ಸಂಭವದ ಮೂರು ಮಟ್ಟಗಳ ಮೇಲೆ ನಿಂತಿದೆ. ಹಿಂದೆ ನಡೆದ ಘಟನೆಯಿಂದ ಉಂಟಾದ ಬಾಧ್ಯತೆಗಾಗಿ ಹಣ ಹೊರಹೋಗುವ ಸಂಭವ, ಹೋಗದಿರುವ ಸಂಭವಕ್ಕಿಂತ ಹೆಚ್ಚಾಗಿದ್ದು, ಮೊತ್ತವನ್ನು ನೆಚ್ಚಬಹುದಾದಂತೆ ಅಂದಾಜು ಮಾಡಲಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಸಾಧ್ಯತೆ ಇದೆ, ಆದರೆ ಅಷ್ಟಿಲ್ಲ ಎಂದಾದರೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಟಿಪ್ಪಣಿಯಲ್ಲಿ ತಿಳಿಸತಕ್ಕದ್ದು. ಸಾಧ್ಯತೆ ತೀರ ದೂರದ್ದಾದರೆ ತಿಳಿಸುವ ಅಗತ್ಯವೂ ಇಲ್ಲ. ನಡುವಿನ ವರ್ಗವನ್ನು ವಿವರಿಸಲು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಗಾದೆಗಿಂತ ಉತ್ತಮ ಸಾಧನ ಸಿಗಲಾರದು. ವ್ಯಾಜ್ಯದಲ್ಲಿರುವ ಬೇಡಿಕೆಯೊಂದು ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಆಸ್ತಿ-ಹೊಣೆ ಪಟ್ಟಿಯ ಮೊತ್ತಕ್ಕೆ ಕೂಡುವುದಿಲ್ಲ. ಮಾರಿದ ಹೆಲಿಕಾಪ್ಟರುಗಳಿಗೆ ಕೊಟ್ಟ ಖಾತರಿಯ ಅಂದಾಜು ವೆಚ್ಚವಾದರೋ, ಕೆಲವಾದರೂ ದುರಸ್ತಿಗೆ ಬಂದೇ ಬರುತ್ತವೆ ಎಂಬ ಅನುಭವವಿದ್ದಾಗ, ಆಟಕ್ಕೂ ಉಂಟು ಲೆಕ್ಕಕ್ಕೂ ಉಂಟು.

ಲೆಕ್ಕಕ್ಕೆ ತೆಗೆದುಕೊಂಡ ಇಂತಹ ಅಂದಾಜು ಹೊಣೆಯನ್ನು ‘ನಿಧಿ’ ಎಂದು ಕರೆಯುವ ರೂಢಿ ತಪ್ಪುದಾರಿಗೆ ಎಳೆಯುತ್ತದೆ. ನಿಧಿ ಎಂದೊಡನೆ ಎಲ್ಲಿಯೋ ಹಣ ತೆಗೆದಿಟ್ಟಿದ್ದಾರೆಂದು ಅನ್ನಿಸುತ್ತದೆ. ಇಲ್ಲಿ ಹಣ ತೆಗೆದಿಟ್ಟಿರುವುದಿಲ್ಲ. ಹೊಣೆಯೊಂದನ್ನು ಒಪ್ಪಿಕೊಂಡಿರುತ್ತದೆ, ಅಷ್ಟೆ. ‘ಅಂದಾಜು ಹೊಣೆ’ ಎಂಬ ಸರಳ ಸಮಾಸ ಸಾಕು.

ಬೆಲೆ, ಗುತ್ತಿಗೆ, ಸವಕಳಿ

ಸಮಾನಪದವೊಂದು ಸಿದ್ಧವಾಗಿಯೇ ದೊರೆತಾಗ ಹೆಚ್ಚಿನ ಅಪಾಯವಿದೆ. ಮಾರುಕಟ್ಟೆಯಲ್ಲಿ ಭಾಗವಹಿಸುವವರ ನಡುವೆ ಸಹಜ ವ್ಯವಹಾರದಲ್ಲಿ ಆಸ್ತಿಗೆ ದೊರೆಯುವ ಬೆಲೆಗೆ ಇಂಡ್ ಎಎಸ್ 113 ಕೊಡುವ ಹೆಸರನ್ನು ಮಾತಿಗೆ ಮಾತಾಗಿ ‘ನ್ಯಾಯಬೆಲೆ’ ಎಂದುಬಿಟ್ಟರೆ, ಕನ್ನಡಿಗನ ಕಣ್ಣ ಮುಂದೆ ಬರುವುದು ನ್ಯಾಯಬೆಲೆ ಅಂಗಡಿ. ಅಲ್ಲಿನ ಬೆಲೆ ಮಾರುಕಟ್ಟೆಯ ಬೆಲೆಯಲ್ಲ, ಮಾರುಕಟ್ಟೆಯಿಂದ ಬಡವರನ್ನು ಕಾಪಾಡಲು ಸರ್ಕಾರ ಕಟ್ಟಿದ ಬೆಲೆ. ಮಾನಕದ ಕಲ್ಪನೆಗೆ ಇದು ನೇರ ವಿರುದ್ಧ. ‘ನ್ಯಾಯೋಚಿತ ಮೌಲ್ಯ’ ಎಂದರೂ ನೈತಿಕತೆಯ ಛಾಯೆ ಹೋಗುವುದಿಲ್ಲ. ‘ಪೇಟೆಯ ಮೌಲ್ಯ’ ಎಂಬುದು ಹೆಚ್ಚು ಹತ್ತಿರವಾದರೂ, ಪೇಟೆಯೇ ಇಲ್ಲದ ಆಸ್ತಿಗಳಿಗೂ ಈ ಮೌಲ್ಯವನ್ನು ಅಂದಾಜು ಮಾಡಬೇಕಾಗುವುದರಿಂದ ಅದೂ ಪೂರ್ತಿ ಸರಿಹೊಂದದು. ಸದ್ಯಕ್ಕೆ ‘ನ್ಯಾಯೋಚಿತ ಮೌಲ್ಯ’ವನ್ನೇ ಬಳಸಿ, ಮೊದಲ ಪಾಠದಲ್ಲಿಯೇ ನ್ಯಾಯಬೆಲೆ ಅಂಗಡಿಯ ಉದಾಹರಣೆ ಕೊಟ್ಟು ಇದು ಅದಲ್ಲ ಎಂದು ಹೇಳಿಬಿಡುವುದು ಮೇಲು.

ಈ ಮೌಲ್ಯದ ಪ್ರಶ್ನೆ ಕಾವಲ್‌ನಂತಹ ಭೂಮಿಗೆ ನೇರವಾಗಿ ತಟ್ಟುತ್ತದೆ. ಸರ್ಕಾರವು ಕಂಪನಿಯೊಂದಕ್ಕೆ ಭೂಮಿಯನ್ನು ಉಚಿತವಾಗಿ ನೀಡಿತೆಂದು ಭಾವಿಸಿದರೆ, ಹಳೆಯ ಶ್ರೇಣಿಯ ಎಎಸ್ 12ರಂತೆ ಅದನ್ನು ನಾಮಮಾತ್ರ ಮೌಲ್ಯದಲ್ಲಿ ಬರೆಯಬೇಕು. ಇಂಡ್ ಎಎಸ್ 20 ಮೊದಲು ನ್ಯಾಯೋಚಿತ ಮೌಲ್ಯವನ್ನೇ ಕೇಳುತ್ತಿತ್ತು. 2018ರ ತಿದ್ದುಪಡಿಯ ನಂತರ ನಾಮಮಾತ್ರ ಮೌಲ್ಯಕ್ಕೂ ಅವಕಾಶ ದೊರೆಯಿತು. ಎಂದರೆ ನೂರಾರು ಎಕರೆ ಒಂದು ರೂಪಾಯಿಯಾಗಿಯೂ ಕಾಣಿಸಿಕೊಳ್ಳಬಲ್ಲದು, ಕೋಟ್ಯಂತರ ರೂಪಾಯಿಯಾಗಿಯೂ ಕಾಣಿಸಿಕೊಳ್ಳಬಲ್ಲದು. ಎರಡೂ ಮಾನಕಕ್ಕೆ ಅನುಸಾರವೇ. ದನ ಮೇಯುತ್ತಿದ್ದ ನೆಲದ ಬೆಲೆಯನ್ನು ಊರವರು ಎಣಿಸುವ ರೀತಿ ಬೇರೆಯಿದ್ದೀತು. ಮಾನಕ ಅದನ್ನು ಎಣಿಸುವುದಿಲ್ಲ, ಎಣಿಸುವೆನೆಂದು ಹೇಳಿಕೊಳ್ಳುವುದೂ ಇಲ್ಲ. ವಿದ್ಯಾರ್ಥಿಗೆ ಇದನ್ನು ಮುಚ್ಚಿಡದೆ ಹೇಳಬೇಕು.

‘ಗುತ್ತಿಗೆ’ಯದು ಇನ್ನೊಂದು ಬಗೆಯ ತೊಡಕು. ರಸ್ತೆ ಕಾಮಗಾರಿ ಹಿಡಿದವನೂ ಗುತ್ತಿಗೆದಾರ, ಜಮೀನನ್ನು ವರ್ಷಕ್ಕಿಷ್ಟು ಎಂದು ಹಿಡಿದವನೂ ಗುತ್ತಿಗೆದಾರ. ಎಎಸ್ 7 ನಿರ್ಮಾಣದ ಗುತ್ತಿಗೆಯನ್ನೂ ಎಎಸ್ 19 ಆಸ್ತಿಯ ಗುತ್ತಿಗೆಯನ್ನೂ ಕುರಿತಿವೆ. ಕನ್ನಡದಲ್ಲಿ ಎರಡರ ಶೀರ್ಷಿಕೆಯೂ ‘ಗುತ್ತಿಗೆಗಳು’ ಎಂದಾಗುವ ಅಪಾಯವಿದೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116ರ ತಿರುಳು, ಆಸ್ತಿಯ ಒಡೆತನವಿಲ್ಲದಿದ್ದರೂ ಅದನ್ನು ಬಳಸುವ ಹಕ್ಕೇ ಒಂದು ಆಸ್ತಿ ಎಂಬುದು. ಈ ಹಕ್ಕಿಗೆ ಹೊಸ ಪದ ಕಟ್ಟಬೇಕಾದ ಅಗತ್ಯವಿಲ್ಲ. ಒಡೆತನ ಒಬ್ಬನದು, ಅನುಭೋಗ ಇನ್ನೊಬ್ಬನದು ಎಂಬ ಭೇದವನ್ನು ಕನ್ನಡದ ‘ಭೋಗ್ಯ’ ಎಂಬ ಮಾತು ತಲೆಮಾರುಗಳಿಂದ ಹೊತ್ತುಬಂದಿದೆ. ‘ಭೋಗದ ಹಕ್ಕು’ ಎಂದರೆ ಗುಬ್ಬಿ ಕುಣಿಗಲ್‌ಗಳ ಹುಡುಗರಿಗೆ ವಿವರಣೆ ಬೇಕಾಗದು. ‘ಗೇಣಿ’ ಎಂಬ ಪದವನ್ನು ಮಾತ್ರ ಇಲ್ಲಿ ತರದಿರುವುದು ಒಳಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ನಂತರ ಆ ಮಾತಿನೊಡನೆ ಗೇಣಿದಾರನೇ ಒಡೆಯನಾದ ನೆನಪು ಸೇರಿಕೊಂಡಿದೆ.

‘ಸವಕಳಿ’ಯಾದರೋ ಕನ್ನಡದ ಅತ್ಯುತ್ತಮ ಪಾರಿಭಾಷಿಕ ಪದಗಳಲ್ಲೊಂದು. ಆದರೆ ಅದು ‘ಸವೆ’ ಎಂಬ ಧಾತುವಿನ ಚಿತ್ರವನ್ನು ಬಿಡುವುದಿಲ್ಲ. ಬಳಸದೆ ಇಟ್ಟ ಯಂತ್ರ ಸವೆಯದು, ಆದುದರಿಂದ ಅದಕ್ಕೆ ಸವಕಳಿಯಿಲ್ಲ ಎಂಬ ಉತ್ತರಕ್ಕೆ ಈ ಚಿತ್ರವೇ ಮೂಲ. ಇಂಡ್ ಎಎಸ್ 16ರಲ್ಲಿ ಸವಕಳಿ ಎಂಬುದು ಆಸ್ತಿಯ ವೆಚ್ಚವನ್ನು ಅದರ ಉಪಯುಕ್ತ ಆಯುಷ್ಯದ ಮೇಲೆ ಕ್ರಮವಾಗಿ ಹಂಚುವ ವಿಧಾನ. ಆಸ್ತಿ ಬಳಕೆಗೆ ಸಿದ್ಧವಾದ ದಿನದಿಂದ ಅದು ಆರಂಭವಾಗುತ್ತದೆ, ಬಳಕೆ ಆರಂಭವಾದ ದಿನದಿಂದಲ್ಲ. ಬಿದರೆಹಳ್ಳ ಕಾವಲ್‌ನ ಕಾರ್ಖಾನೆಗೆ 2023ರ ಫೆಬ್ರವರಿ 6ರಿಂದ ಸವಕಳಿ ಲೆಕ್ಕ ಹಾಕಬೇಕೆ ಎಂದು ಕೇಳಿದರೆ, ಹೌದೆನ್ನುವುದೂ ಅಲ್ಲವೆನ್ನುವುದೂ ಆತುರದ ಉತ್ತರವೇ. ಉದ್ಘಾಟನೆ ಸಮಾರಂಭ, ಮಾನಕ ಕೇಳುವುದು ಪ್ರತಿಯೊಂದು ಕಟ್ಟಡ, ಪ್ರತಿಯೊಂದು ಯಂತ್ರ ಯಾವಾಗ ಸಿದ್ಧವಾಯಿತೆಂಬುದನ್ನು. ಅಲ್ಲಿಯವರೆಗಿನ ವೆಚ್ಚ ‘ನಡೆಯುತ್ತಿರುವ ಬಂಡವಾಳ ಕಾಮಗಾರಿ’ಯ ತಲೆಬರಹದಡಿ ನಿಲ್ಲುತ್ತದೆ. ಹೀಗೆ ನಿಂತ ಮೊತ್ತ ಎಷ್ಟು ವರ್ಷ ಹಳೆಯದೆಂದು ವಯಸ್ಸಿನ ಪಟ್ಟಿಯನ್ನೂ ಕೊಡಬೇಕೆಂದು 2021ರಲ್ಲಿ ಕಂಪನಿ ಕಾಯಿದೆಯ ಮೂರನೆಯ ಅನುಸೂಚಿಗೆ ತಿದ್ದುಪಡಿಯಾಯಿತು. ಭೂಮಿಗೆ ಸಾಮಾನ್ಯವಾಗಿ ಸವಕಳಿ ಇಲ್ಲ.

ಬಹುದು, ಬೇಕು, ತಕ್ಕದ್ದು

ಇದುವರೆಗೆ ಚರ್ಚಿಸಿದವು ಪದಗಳ ಸಮಸ್ಯೆಗಳು. ಪದಕೋಶಗಳು ಇಷ್ಟರ ಮಟ್ಟಿಗೆ ಪರಿಹಾರ ಕೊಡಬಲ್ಲವು. ಪದಕೋಶಕ್ಕೆ ಎಟುಕದ, ಕನ್ನಡ ವ್ಯಾಕರಣ ಬಲ್ಲವರೇ ಬಿಡಿಸಬೇಕಾದ ಸಮಸ್ಯೆ ಕ್ರಿಯಾರೂಪಗಳದು. ಮಾನಕ ಎಂಬ ಬರಹದಲ್ಲಿ ನಾಮಪದಕ್ಕಿಂತ ವಾಕ್ಯದ ಕೊನೆಯ ಕ್ರಿಯೆಗೆ ಬೆಲೆ ಹೆಚ್ಚು: ಮಾಡಲೇಬೇಕೋ, ಮಾಡಲು ಅನುಮತಿಯಿದೆಯೋ, ಆಗುವ ಸಾಧ್ಯತೆಯಿದೆಯೋ, ಮಾಡುವ ಅಗತ್ಯವಿಲ್ಲವೋ, ಮಾಡಲೇಕೂಡದೋ.

‘ಬಹುದು’ ಎಂಬ ರೂಪವನ್ನೇ ನೋಡಬಹುದು. ‘ಬರ್’ ಧಾತುವಿನಿಂದ ಬೆಳೆದು ಬಂದ ಇದು ಅನುಮತಿಯನ್ನೂ ಸಾಧ್ಯತೆಯನ್ನೂ ಒಟ್ಟಿಗೆ ಹೇಳುತ್ತದೆ. ‘ಕಂಪನಿಯು ಪುನರ್ಮೌಲ್ಯಮಾಪನ ಮಾಡಬಹುದು’ ಎಂಬ ವಾಕ್ಯ, ಇಂಡ್ ಎಎಸ್ 16 ನೀಡುವ ಆಯ್ಕೆಯನ್ನು ಹೇಳುತ್ತಿದೆಯೋ, ಕಂಪನಿ ಮುಂದೆ ಹಾಗೆ ಮಾಡೀತೆಂಬ ನಿರೀಕ್ಷೆಯನ್ನು ಹೇಳುತ್ತಿದೆಯೋ ತಿಳಿಯದು. ನಿಷೇಧದಲ್ಲಿ ಇದೇ ಧಾತು ‘ಬಾರದು’ ಎಂದಾಗಿ ಸಾಧ್ಯತೆಯ ಅರ್ಥವನ್ನು ಪೂರ್ತಿ ಕಳೆದುಕೊಂಡು ಬರಿಯ ನಿಷೇಧವಾಗಿ ಉಳಿಯುತ್ತದೆ. ಎಂದರೆ ‘ಬಹುದು’ ಮತ್ತು ‘ಬಾರದು’ ರೂಪದಲ್ಲಿ ಜೋಡಿಯಾದರೂ ಅರ್ಥದಲ್ಲಿ ಜೋಡಿಯಲ್ಲ. ಅನಿಶ್ಚಿತ ಹೊಣೆಯನ್ನು ಕುರಿತು ‘ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ’ ಎಂದು ಬರೆದ ವಿದ್ಯಾರ್ಥಿ, ಬೇಕಾದರೆ ತೆಗೆದುಕೊಳ್ಳಲಡ್ಡಿಯಿಲ್ಲ ಎಂದು ಹೇಳಿದಂತಾಗುತ್ತದೆ. ಮಾನಕ ಹೇಳುವುದು ‘ತೆಗೆದುಕೊಳ್ಳತಕ್ಕದ್ದಲ್ಲ’ ಎಂದು. ಈ ಎರಡು ವಾಕ್ಯಗಳ ಅಂತರ ಪರೀಕ್ಷೆಯಲ್ಲಿ ಒಂದೆರಡು ಅಂಕ. ಕಂಪನಿಯ ಲೆಕ್ಕದಲ್ಲಿ ಲಾಭದ ಮೊತ್ತವೇ ಬದಲಾಗುವಷ್ಟು.

ಕರ್ನಾಟಕದ ಶಾಸನಸಭೆಯ ಕಾಯಿದೆಗಳ ಕನ್ನಡ ಪಠ್ಯಗಳು ವಿಧಿರೂಪಕ್ಕೆ ‘ತಕ್ಕದ್ದು’ ಎಂಬುದನ್ನು ಸ್ಥಿರಪಡಿಸಿವೆ. ವ್ಯುತ್ಪತ್ತಿಯನ್ನು ಹಿಡಿದು ನೋಡಿದರೆ ‘ತಗು’ ಧಾತುವಿನ ಈ ರೂಪಕ್ಕೆ ‘ಯೋಗ್ಯವಾದುದು’ ಎಂಬಷ್ಟೇ ಅರ್ಥ. ಅಪ್ಪಣೆಯ ಬಲವನ್ನು ಅದಕ್ಕೆ ಕೊಟ್ಟದ್ದು ಕಾನೂನಿನ ಬಳಕೆ. ಪಾರಿಭಾಷಿಕತೆ ಧಾತುವಿನಿಂದಲ್ಲ, ಒಪ್ಪಂದದಿಂದ ಹುಟ್ಟುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಹಳೆಯ ಎಎಸ್ ಶ್ರೇಣಿಯ ಇಂಗ್ಲಿಷ್ ಪಠ್ಯ ಸಲಹೆಯ ಧ್ವನಿಯ ಕ್ರಿಯಾರೂಪವನ್ನು ಬಳಸಿದರೆ ಇಂಡ್ ಎಎಸ್ ಅಪ್ಪಣೆಯ ರೂಪವನ್ನು ಬಳಸುತ್ತದೆ. ಮೊದಲನೆಯದಕ್ಕೆ ‘ಬೇಕು’, ಎರಡನೆಯದಕ್ಕೆ ‘ತಕ್ಕದ್ದು’ ಎಂದಿಟ್ಟುಕೊಂಡು, ಅನುಮತಿಗೆ ‘ಅವಕಾಶವಿದೆ’, ಸಾಧ್ಯತೆಗೆ ‘ಸಾಧ್ಯತೆಯಿದೆ’ ಎಂದು ಬಿಡಿಸಿ ಹೇಳಿ, ಒಂಟಿ ‘ಬಹುದು’ವನ್ನು ಮಾನಕದ ಕನ್ನಡದಿಂದ ಹೊರಗಿಟ್ಟರೆ ಅರ್ಧದಷ್ಟು ಗೊಂದಲ ನೀಗುತ್ತದೆ.

ಸೂತ್ರ ಮತ್ತು ವೃತ್ತಿ

ಮಾನಕದ ರಚನೆ ಕನ್ನಡ ಅಧ್ಯಾಪಕರಿಗೆ ಅಪರಿಚಿತವಾಗಬೇಕಿಲ್ಲ. ಮುಖ್ಯ ತತ್ತ್ವವನ್ನು ದಪ್ಪ ಅಕ್ಷರದ ಕಿರಿದಾದ ಕಂಡಿಕೆಯಲ್ಲಿ ಹೇಳಿ, ತೆಳು ಅಕ್ಷರದಲ್ಲಿ ವಿವರಿಸಿ, ಕೊನೆಗೆ ಉದಾಹರಣೆಗಳನ್ನು ಕೊಡುವುದು ಅದರ ಕ್ರಮ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅನುಸರಿಸಿದ ಸೂತ್ರ, ವೃತ್ತಿ, ಪ್ರಯೋಗಗಳ ಕ್ರಮಕ್ಕೆ ಇದು ಬಹಳ ಹತ್ತಿರ. ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ದಪ್ಪ ಅಕ್ಷರದ ಕಂಡಿಕೆಗೂ ತೆಳು ಅಕ್ಷರದ ಕಂಡಿಕೆಗೂ ಸಮಾನ ಅಧಿಕಾರವಿದೆಯೆಂದು ಇಂಡ್ ಎಎಸ್ ತಾನೇ ಹೇಳಿಕೊಳ್ಳುತ್ತದೆ. ಸೂತ್ರಗಳನ್ನು ಬಾಯಿಪಾಠ ಮಾಡಿಸಿ ವೃತ್ತಿಯನ್ನು ಬಿಡುವ ಟಿಪ್ಪಣಿ ಪುಸ್ತಕಗಳು ಈ ಕಾರಣದಿಂದ ಅರ್ಧ ಮಾನಕವನ್ನೇ ಬಿಟ್ಟಂತೆ.

ಸೂತ್ರಪದ್ಧತಿ ವಾಕ್ಯರಚನೆಗೂ ಉಪಯುಕ್ತ. ಇಂಗ್ಲಿಷ್ ಮಾನಕ ವಿಧಿಯನ್ನು ಮೊದಲು ಹೇಳಿ ಶರತ್ತುಗಳನ್ನು ಹಿಂದೆ ಜೋಡಿಸುತ್ತದೆ. ಅದನ್ನೇ ಒಂದು ಕನ್ನಡ ವಾಕ್ಯವಾಗಿಸಲು ಹೊರಟರೆ ಶರತ್ತುಗಳೆಲ್ಲ ಮುಂದಕ್ಕೆ ಬಂದು ಕ್ರಿಯಾಪದ ಹತ್ತಾರು ಪದಗಳಾಚೆಗೆ ಸಿಕ್ಕಿಬೀಳುತ್ತದೆ. ಓದುಗ ಅದನ್ನು ತಲುಪುವಷ್ಟರಲ್ಲಿ ಕರ್ತೃವನ್ನು ಮರೆತಿರುತ್ತಾನೆ. ಕಟ್ಟಡ, ಯಂತ್ರಗಳಿಗೆ ಸಂಬಂಧಿಸಿದ ನಿಯಮವನ್ನು ಹೀಗೆ ಒಡೆದು ಹೇಳಲು ಸಾಧ್ಯ: ‘ಎರಡು ಶರತ್ತುಗಳು ಪೂರೈಸಿದಾಗ ಮಾತ್ರ ವೆಚ್ಚವನ್ನು ಆಸ್ತಿಯೆಂದು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಅದರಿಂದ ಮುಂದೆ ಆರ್ಥಿಕ ಪ್ರಯೋಜನ ಬರುವ ಸಂಭವವಿರಬೇಕು. ವೆಚ್ಚವನ್ನು ನೆಚ್ಚಿಕೆಗೆ ತಕ್ಕಂತೆ ಅಳೆಯಲು ಬರಬೇಕು.’ ಮೂರು ವಾಕ್ಯಗಳಾದರೂ ಅರ್ಥದಲ್ಲಿ ಏನೂ ಸೋರಿಲ್ಲ.

ಸಂಖ್ಯೆಗಳ ವಿಷಯದಲ್ಲಿ ಭಾಷೆ ಏನೂ ಮಾಡಲಾರದು, ಎಚ್ಚರಿಕೆಯೊಂದೇ ದಾರಿ. ಎಎಸ್ 2 ಮತ್ತು ಇಂಡ್ ಎಎಸ್ 2 ಎರಡೂ ದಾಸ್ತಾನನ್ನು ಕುರಿತವು ಎಂಬ ಕಾಕತಾಳೀಯವನ್ನು ನಂಬಿ ಮುಂದುವರಿದವರು ಮುಗ್ಗರಿಸುತ್ತಾರೆ. ಎಎಸ್ 16 ಸಾಲದ ವೆಚ್ಚವನ್ನು, ಇಂಡ್ ಎಎಸ್ 16 ಕಟ್ಟಡ ಯಂತ್ರಾದಿಗಳನ್ನು ಕುರಿತವು. ಎಎಸ್ 12 ಸರ್ಕಾರದ ಅನುದಾನ, ಇಂಡ್ ಎಎಸ್ 12 ಆದಾಯ ತೆರಿಗೆ. ಎಎಸ್ 20 ಪ್ರತಿ ಷೇರಿನ ಗಳಿಕೆ, ಇಂಡ್ ಎಎಸ್ 20 ಸರ್ಕಾರದ ಅನುದಾನ. ಉತ್ತರಪತ್ರಿಕೆಯಲ್ಲಿ ಸಂಖ್ಯೆಯನ್ನಷ್ಟೇ ಬರೆದವನಿಗಿಂತ ವಿಷಯದ ಹೆಸರನ್ನು ಕನ್ನಡದಲ್ಲಿ ಬರೆದವನು ತಾನು ಯಾವ ಮಾನಕವನ್ನು ಹೇಳುತ್ತಿದ್ದೇನೆಂಬುದನ್ನು ಸ್ಪಷ್ಟಪಡಿಸಿರುತ್ತಾನೆ. ಮೌಲ್ಯಮಾಪಕರು ಇಂತಹ ಉತ್ತರವನ್ನು ಮಾನ್ಯ ಮಾಡಲು ಹಿಂಜರಿಯಬೇಕಾದ ಕಾರಣವಿಲ್ಲ.

ಕೊನೆಯಲ್ಲಿ, ಗುಬ್ಬಿಯ ವಿದ್ಯಾರ್ಥಿ ಸಹಜವಾಗಿಯೇ ಕೇಳುವ ಒಂದು ಪ್ರಶ್ನೆ ಉಳಿಯುತ್ತದೆ: ಬಿದರೆಹಳ್ಳ ಕಾವಲ್‌ನ ಕಾರ್ಖಾನೆಯ ಲಾಭನಷ್ಟವೆಷ್ಟು? ಎಚ್‌ಎಎಲ್‌ನ ವಾರ್ಷಿಕ ವರದಿಯಲ್ಲಿ ಇದಕ್ಕೆ ಉತ್ತರ ಹುಡುಕಲು ಹೊರಟವನು ಮೊದಲು ವಿಭಾಗವಾರು ಮಾಹಿತಿಯನ್ನು ಕುರಿತ ಇಂಡ್ ಎಎಸ್ 108ಕ್ಕೆ ಹೋಗುತ್ತಾನೆ. ಕಂಪನಿಯು ತನ್ನ ವ್ಯವಹಾರದ ವಿಭಾಗಗಳ ಫಲಿತಾಂಶಗಳನ್ನು ಬೇರೆ ಬೇರೆಯಾಗಿ ತಿಳಿಸತಕ್ಕದ್ದು ಎಂಬುದು ಆ ಮಾನಕದ ವಿಧಿ. ಆದರೆ ರಕ್ಷಣಾ ಉತ್ಪಾದನೆಯಲ್ಲಿ ತೊಡಗಿದ ಕಂಪನಿಗಳಿಗೆ ವಿಭಾಗವಾರು ವರದಿಯ ಮಾನಕದಿಂದ ಕೇಂದ್ರ ಸರ್ಕಾರವು 2018ರ ಫೆಬ್ರವರಿಯ ಅಧಿಸೂಚನೆಯ ಮೂಲಕ ವಿನಾಯಿತಿ ನೀಡಿದೆ. ಆದುದರಿಂದ ವಿದ್ಯಾರ್ಥಿಗೆ ಸಿಗುವುದು ಇಡೀ ಕಂಪನಿಯ ಮೊತ್ತಗಳು ಮತ್ತು ವಿನಾಯಿತಿಯನ್ನು ತಿಳಿಸುವ ಟಿಪ್ಪಣಿ. ಈ ಟಿಪ್ಪಣಿಯನ್ನು ಹುಡುಕಿ ಓದಿ, ‘ತಿಳಿಸಬೇಕಾಗಿಲ್ಲ’ ಎಂಬುದಕ್ಕೂ ‘ತಿಳಿಸತಕ್ಕದ್ದಲ್ಲ’ ಎಂಬುದಕ್ಕೂ ಇರುವ ಭೇದವನ್ನು ಅದರ ಮೇಲೆ ಪ್ರಯೋಗಿಸಿ ನೋಡುವುದು ಪದವಿ ತರಗತಿಯ ನಿಯೋಜಿತ ಕಾರ್ಯವಾಗಲು ತಕ್ಕದ್ದು.